ಬೆಕ್ಕನ್ನು ಬಿಟ್ಟು ಬಂದ ಮಾರನೆಯ ದಿನ

ಯಾವ ಕೆಲಸವನ್ನೂ ನಾಳೆಗೆ ಉಳಿಸಬಾರದೆಂಬುದು ನಾನು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ಶಿಸ್ತು. ನಮ್ಮ ಬೆಕ್ಕು ತನ್ನ ಕಿವಿಯ ಉಣ್ಣೆ ಕೀಳಲು ಬಂದ ಹೆಂಡತಿಯ ಕೈಯನ್ನು ಪರಚಿದ ದಿನವೂ ಹಾಗೇ ಮಾಡಿದೆ. ಮೊದಲು ಗಾಯಕ್ಕೆ ಸೋಪು ಹಚ್ಚಿ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆಸಿದೆ. ಆಮೇಲೆ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ಸ್ಕೂಟರಿನಲ್ಲಿ ರಿಪ್ಪನ್‌ಪೇಟೆಗೆ ಒಯ್ದು, ಮೀನಿನಂಗಡಿಗಳ ಹಿಂದೆ ಬಿಟ್ಟು ಬಂದೆ. ನಮ್ಮ ಕಡೆ ಬೇಡದ ಬೆಕ್ಕನ್ನು ಸಾಗಿಸುವುದು ಹೀಗೇ.

"ಕಿವಿ ಹಿಡಿದು ಎಳೆದ್ರೆ ನೀವೂ ಪರಚ್ತಿದ್ರಿ," ಎಂದಳು ಹೆಂಡತಿ. "ಇಷ್ಟೇ ಇಷ್ಟು ಗೀರಿಗೆ ಸೂಜಿ ಎಲ್ಲ ಬ್ಯಾಡ."

ಸೂಜಿಯೆಂದರೆ ಅವಳಿಗೆ ಮೊದಲಿನಿಂದಲೂ ಭಯ. ಮಾರನೆಯ ದಿನ ಒತ್ತಾಯದಿಂದಲೇ ಹೊಸನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಗೀರನ್ನು ನೋಡಿ, "ಚಿಕ್ಕದಾದ್ರೂ ಚರ್ಮ ಕಿತ್ತಿದೆ, ಇವತ್ತೇ ರೇಬೀಸ್ ಇಂಜೆಕ್ಷನ್ ಶುರು ಮಾಡೋಣ. ಹತ್ತು ದಿನ ಬೆಕ್ಕಿನ ಮೇಲೆ ಕಣ್ಣಿಡಿ. ಅದು ಆರೋಗ್ಯವಾಗೇ ಇದ್ರೆ ಕೊನೇ ಇಂಜೆಕ್ಷನ್ ಬೇಕಾ ಅಂತ ಯೋಚಿಸ್ಬಹುದು. ಬೆಕ್ಕು ಮನೇಲೇ ಇದೆ ಅಲ್ವಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಓಡಿಹೋಯ್ತು ಡಾಕ್ಟ್ರೇ," ಎಂದಳು.

"ಹಾಗಾದ್ರೆ ಅಷ್ಟೂ ಇಂಜೆಕ್ಷನ್ ತಗೊಳ್ಳೇಬೇಕು ಅಮ್ಮ."

ಅವಳು ಕಣ್ಣು ಮುಚ್ಚಿ ತೋಳು ಚಾಚಿದಳು. ಇನ್ನೊಂದು ಕೈಯಲ್ಲಿ ನನ್ನ ಅಂಗಿಯನ್ನು ಮುದುಡಿ ಹಿಡಿದಿದ್ದಳು. ಬಿಟ್ಟು ಬಂದವನು ನಾನೇ ಎಂಬ ಮಾತು ಆಗಲೂ ನನ್ನ ಬಾಯಿಂದ ಹೊರಡಲಿಲ್ಲ.

ಹೊರಗೆ ಬಂದು ಸ್ಕೂಟರ್ ತಿರುಗಿಸುತ್ತಾ, "ರಿಪ್ಪನ್‌ಪೇಟೇಲಿ ಹುಡುಕಿ ನೋಡೋಣ," ಎಂದೆ.

"ನೋಡೋಣ. ಆದ್ರೆ ನೀವು ದೂರ ನಿಂತ್ಕಳಿ. ನಿಮ್ಮನ್ನ ಕಂಡ್ರೆ ಅದು ಬರೂದಿಲ್ಲ."