ಒಂದೇ ಜಗ್ಗಿಗೆ ಬಿಚ್ಚುವ ಗಂಟು

ಮೊನ್ನೆ ಆಗಸ್ಟ್ ಹದಿನೈದರಂದು, ಊರಿಗೆ ಊರೇ ನೋಡುತ್ತಿರುವಾಗ, ನಾನು ಹಗ್ಗ ಜಗ್ಗಿದರೆ ಧ್ವಜ ಬಿಚ್ಚಿಕೊಳ್ಳಲಿಲ್ಲ. ಕಾರಣ? ನನ್ನ ಹೊಟ್ಟೆಕಿಚ್ಚು. ಅದೂ ನಲವತ್ತು ವರ್ಷದ ಹಳೆಯ ಹೊಟ್ಟೆಕಿಚ್ಚು.

(ನಗಬೇಡಿ. ಶಾಲೆಯ ಕಾಲದ ಒಬ್ಬರನ್ನಾದರೂ ನೆನೆದು ನಿಮಗೆ ಇನ್ನೂ ಉರಿಯುವುದಿಲ್ಲವೇ?)

ನನ್ನ ಉರಿಯ ಹೆಸರು ಮಾಳವ್ವ. ಮನಗೂಳಿಯ ಆಚೆ ನಮ್ಮೂರ ಶಾಲೆಯಲ್ಲಿ ನಾಲ್ಕನೇ ಇಯತ್ತೆಯಿಂದ ನನ್ನ ಕ್ಲಾಸ್‌ಮೇಟ್. ಕುರಿ ಕಾಯುವವರ ಮನೆಯ ಹುಡುಗಿ. ನಾನು ಗೌಡರ ಮನೆಯವನು, ಕ್ಲಾಸಿಗೇ ಫಸ್ಟು, ಇಸ್ತ್ರಿ ಮಾಡಿದ ಚಡ್ಡಿ ಬೇರೆ! ಆದರೂ ಧ್ವಜ ಕಟ್ಟುವುದಕ್ಕೆ ಮಾಸ್ತರು ಕೂಗುತ್ತಿದ್ದದ್ದು ಅವಳನ್ನೇ.

ಧ್ವಜದೊಳಗೆ ಹೂವಿನ ಪಕಳೆ ತುಂಬಿ, ಮಡಚಿ, ಮೇಲೊಂದು ಗಂಟು ಹಾಕುತ್ತಾರಲ್ಲ, ಅದು ಸುಲಭದ್ದಲ್ಲ. ಏರುವಾಗ ಬಿಗಿಯಾಗಿರಬೇಕು, ಜಗ್ಗಿದ ಕೂಡಲೇ ಬಿಟ್ಟುಕೊಡಬೇಕು. ಮಾಳವ್ವನ ಮನೆಯಲ್ಲಿ ಕುರಿಮರಿ ಕಟ್ಟುವ ಗಂಟೇ ಅದು. ಮರಿ ಎಷ್ಟು ಎಳೆದಾಡಿದರೂ ಬಿಚ್ಚದು, ಅವಳು ತುದಿ ಹಿಡಿದು ಒಮ್ಮೆ ಜಗ್ಗಿದರೆ ಸರ್ರನೆ ಬಿಚ್ಚುತ್ತಿತ್ತು.

"ನನಗೂ ಕಲಿಸ" ಅಂತ ಒಮ್ಮೆ ಕೇಳಿದ್ದೆ.

"ಮೊದಲ ಕುರಿ ಕಾಯಾಕ ಬಾ" ಅಂದಿದ್ದಳು. ಅದು ಇವತ್ತಿಗೂ ಚುಚ್ಚುತ್ತದೆ.

ಈಗ ಅವಳು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಾನು ಪೇಪರಿನಲ್ಲಿ ಫೋಟೋ ಬರುವ ಮನುಷ್ಯ, ಈ ಸಲದ ಚೀಫ್ ಗೆಸ್ಟ್. ಗೆದ್ದೆ ಎಂದುಕೊಂಡೇ ಹೋದೆ. ಹೋಗಿ ನೋಡಿದರೆ ಹೆಡ್‌ಮಾಸ್ತರು, ಟೀಚರುಗಳು, ಮಕ್ಕಳು ಎಲ್ಲರೂ ಕಂಬದ ಹತ್ತಿರ ಧ್ವಜ ಮಡಚುತ್ತಿದ್ದ ಅವಳನ್ನೇ ಸುತ್ತುಗಟ್ಟಿ ನಿಂತಿದ್ದಾರೆ. ಚೀಫ್ ಗೆಸ್ಟ್ ಕುರ್ಚಿಯಲ್ಲಿ ಒಬ್ಬನೇ! ಮೈಯೆಲ್ಲ ಉರಿದುಹೋಯಿತು.

ಎದ್ದು ಹೋದೆ. "ತಾ ಇಲ್ಲಿ. ಈ ಸಲ ನಾನ ಕಟ್ತೇನಿ."

"ಬರ್ತೈತೇನ್ರಿ ಗೌಡ್ರ?" ಅಂದಳು ಮಾಳವ್ವ.

"ಧ್ವಜದ ಮ್ಯಾಲ ಎಷ್ಟು ಲೇಖನ ಬರದೇನಿ, ಗೊತ್ತೈತೇನು?"

"ಬರದಿರಬೇಕ್ರಿ, ಯಾರು ಇಲ್ಲಂತಾರ? ಎಂದಾರ ಕಟ್ಟೀರೇನ್ರಿ?"

ಹೆಡ್‌ಮಾಸ್ತರು ನಡುವೆ ಬಂದು, "ಇರಲಿ ಬಿಡ್ ಮಾಳವ್ವ, ಸಾಹೇಬ್ರು ಕಟ್ಟಲಿ" ಅಂದರು. ಕಟ್ಟಿದೆ. ಅರ್ಧದಲ್ಲೇ ಬಿಚ್ಚಿದರೆ ಎಂದು ಹೆದರಿ ಇನ್ನೊಂದು ಸುತ್ತನ್ನೂ ಹಾಕಿದೆ.

ಧ್ವಜದ ಗಂಟು ಕಂಬದ ತುದಿಗೇರಿತು. ಜಗ್ಗಿದೆ. ಊಹೂಂ. ಮತ್ತೆ ಜಗ್ಗಿದೆ. ಜಗ್ಗಿದಷ್ಟೂ ಬಿಗಿಯಿತು. ಸೆಲ್ಯೂಟಿಗೆ ಕೈ ಎತ್ತಿದ ಮಕ್ಕಳು ಎತ್ತಿದ ಹಾಗೇ ನಿಂತಿದ್ದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾಳವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಧ್ವಜ ಇಳಿಸಿ, ನೆಲಕ್ಕೆ ತಾಗಿಸದೆ ತೋಳಿನ ಮೇಲೆ ಹಿಡಿದು, ಉಗುರಿನಿಂದಲೇ ನನ್ನ ಗಂಟು ಬಿಡಿಸಿದಳು. ಮತ್ತೆ ಪಕಳೆ ತುಂಬಿ ಕಟ್ಟಿದಳು. ಅವಳ ಬೆರಳುಗಳನ್ನೇ ನುಂಗುವಂತೆ ನೋಡಿದೆ. ಆದರೂ ಗಂಟು ತಿಳಿಯಲಿಲ್ಲ. ಕಟ್ಟಿ ಮೇಲೇರಿಸಿ, ಹಗ್ಗವನ್ನು ನನ್ನ ಕೈಗೇ ಕೊಟ್ಟಳು.

ಅಲ್ಲ, ನಾನು ಅವಳ ಗಂಟಿಗೆ ಇಷ್ಟು ವರ್ಷ ಉರಿದೆನಲ್ಲ, ಅವಳಿಗೆ ಈ ಹಗ್ಗದ ಮೇಲೆ ಒಮ್ಮೆಯೂ ಉರಿದಿಲ್ಲವೇ?

"ನೀನ ಜಗ್ಗು ಮಾಳವ್ವ" ಅಂದೆ. (ದೊಡ್ಡ ಮನಸ್ಸಲ್ಲ. ಮತ್ತೆ ಬಿಚ್ಚದಿದ್ದರೆ ಎಂಬ ಭಯ.)

"ಒಲಿ ಮ್ಯಾಲ ಶಿರಾ ಐತ್ರಿ, ಸೀದೀತು. ನೀವ ಜಗ್ರಿ. ಜಗ್ಗಾಕ ಏನ ಕಲೀಬೇಕ್ರಿ? ಅದಕ್ಕ ಅಲ್ಲೇನ್ರಿ ನಿಮ್ಮನ್ನ ಕರಿಯೋದು?"

ಜಗ್ಗಿದೆ. ಸರ್ರನೆ ಬಿಚ್ಚಿತು. ಪಕಳೆಗಳು ನನ್ನ ತಲೆಯ ಮೇಲೆ ಬಿದ್ದವು, ಚಪ್ಪಾಳೆಯೂ ನನಗೇ ಬಿತ್ತು. ಅವಳು ಅಡುಗೆಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನೆಟ್ಟಗೆ ನಿಂತು ರಾಷ್ಟ್ರಗೀತೆ ಹಾಡುತ್ತಿದ್ದಳು.

ಫೋಟೋ ಪೇಪರಿನಲ್ಲಿ ಬಂದಿದೆ. ಹಗ್ಗ ಹಿಡಿದವನು ನಾನು. ನಿಮ್ಮಲ್ಲಿ ಎಷ್ಟೋ ಮಂದಿ ಫೋನ್ ಮಾಡಿ ಅಭಿನಂದನೆ ಹೇಳಿದಿರಿ. ಧ್ವಜ ಕಟ್ಟಿದವರು ಯಾರು ಅಂತ ಒಬ್ಬರಾದರೂ ಕೇಳಿದಿರಾ?