ದರ್ಜಿಯ ಗಂಟಲಿಗೆ ಬಂದ ಕಲ್ಲುಸಕ್ಕರೆ

ಮದುವೆಗೆ ಮೊದಲಿನ ಕೆಲವು ವರ್ಷಗಳಲ್ಲಿ ನಾನು ತಿಂದಷ್ಟು ಕಲ್ಲುಸಕ್ಕರೆಯನ್ನು ನಮ್ಮ ತಾಲೂಕಿನಲ್ಲಿ ಬೇರೆ ಯಾವ ಹುಡುಗಿಯೂ ತಿಂದಿರಲಿಕ್ಕಿಲ್ಲ. ಅದರಲ್ಲಿ ಒಂದು ಹರಳೂ ನನ್ನ ಹೆಸರಿಗೆ ಬಂದದ್ದಲ್ಲ. ಎಲ್ಲ ಮಡಂತ್ಯಾರಿನ ಒಬ್ಬ ದರ್ಜಿಯ ಗಂಟಲಿಗೆಂದು ಜನ ಪ್ರೀತಿಯಿಂದ ಕೊಟ್ಟದ್ದು. ಅವನು ನಾಟಕಗಳಲ್ಲಿ ಹೆಣ್ಣುವೇಷ ಹಾಕುತ್ತಿದ್ದ. ಅವನ ಹಾಡಿಗೆ ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಜನ ಮರುಳಾಗಿದ್ದರು. ಹಾಡುತ್ತಿದ್ದವಳು ನಾನು, ಹಿಂದಿನ ಪರದೆಯ ಆಚೆ ಕೂತು. ಅವನು ಪ್ರಾಮಾಣಿಕ ಮನುಷ್ಯ. ಬಂದ ಕಲ್ಲುಸಕ್ಕರೆಯನ್ನು ಪೊಟ್ಟಣ ಕಟ್ಟಿ, ಅಮ್ಮನಿಗೆ ಹೊಲಿದ ರವಕೆಗಳ ನಡುವೆ ಇಟ್ಟು ನಮ್ಮ ಮನೆಗೆ ಮುಟ್ಟಿಸುತ್ತಿದ್ದ.

ನಮ್ಮದು ಬೆಳ್ತಂಗಡಿಗೆ ಹೋಗುವ ಮಾರ್ಗದಿಂದ ಸ್ವಲ್ಪ ಒಳಗಿರುವ ಗುತ್ತಿನ ಮನೆ, ಊರಿನ ದೊಡ್ಡ ಮನೆ. ಅಳಿಯಕಟ್ಟಿನವರು ನಾವು. ಎಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಆಡಳಿತ ಮಾತ್ರ ಅಮ್ಮನ ಅಣ್ಣನಾದ ನನ್ನ ಮಾವನದು. ಅಮ್ಮನಿಗೆ ನಾನೊಬ್ಬಳೇ ಮಗಳು, ಆದ್ದರಿಂದ ಮನೆ ನನ್ನದು. ಚಿಕ್ಕಂದಿನಿಂದ ಈ ಒಂದು ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಸಂತೆಗೆ ಬರುತ್ತೇನೆಂದರೆ, "ಮನೆ ನಿನ್ನದಲ್ವಾ, ನೀನು ಸಂತೆಯಲ್ಲಿ ತಿರುಗುವುದಾ?" ಹೈಸ್ಕೂಲು ಮುಗಿಸುತ್ತೇನೆಂದರೆ, "ಮನೆ ನಿನ್ನದು, ಓದಿ ಎಂತ ಆಗ್ಬೇಕು ನಿನಗೆ?" ಬೇರೆ ಹುಡುಗಿಯರಿಗೆ ಮದುವೆಯಾಗಿಯಾದರೂ ಊರು ಬಿಡುವ ಯೋಗವಿತ್ತು. ನನಗೆ ಅದೂ ಇರಲಿಲ್ಲ, ಗಂಡನಾಗುವವನೇ ಬಂದು ನಮ್ಮಲ್ಲಿರಬೇಕು. ಬಾಗಿಲೂ ನನ್ನದೇ, ಚಿಲಕವೂ ನನ್ನದೇ, ಒಳಗೆ ಕೂತವಳೂ ನಾನೇ.

ಮಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನೋಡಿ ನೀವು ತಪ್ಪು ತಿಳಿಯುತ್ತೀರಿ. ಸಂಗೀತವೆಂದರೆ ಅವರಿಗೆ ಜೀವ. ಅವರ ಮಗ, ನನಗೆ ಭಾವ, ಬೊಂಬಾಯಿಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಒಂದು ಬೇಸಗೆಯಲ್ಲಿ ಅವನು ಚೋರ್ ಬಜಾರಿನಿಂದ ಹಳೆಯ ಗ್ರಾಮಫೋನು ತಂದ. ಅದರೊಂದಿಗೆ ಅಂಗಡಿಯವನು ಕೈಗೆ ಸಿಕ್ಕಿದ ಒಂದಷ್ಟು ಪ್ಲೇಟುಗಳನ್ನೂ ಸೇರಿಸಿ ಕೊಟ್ಟಿದ್ದ. ಹೆಚ್ಚಿನವು ನಾಟಕದ ಪದಗಳು. ಒಂದು ಮಾತ್ರ ಅಮೇರಿಕದ್ದು.

ಅದರಲ್ಲಿ ಒಬ್ಬ ಹೆಂಗಸು ಹೊಟ್ಟೆಯ ಬುಡದಿಂದ ಕರೆಯುತ್ತಾಳೆ, ಹಿಂದಿನಿಂದ ನಾಲ್ಕಾರು ಮಂದಿ ಓಗೊಡುತ್ತಾರೆ, ಚಪ್ಪಾಳೆ ಬೀಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ಪರದೇಶದ್ದೆಂದು ಅನ್ನಿಸಲೇ ಇಲ್ಲ. ನಮ್ಮ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಓಬೇಲೆ ಹಾಡುವುದೂ ಹೀಗೆಯೇ. ಒಬ್ಬಳು ಎತ್ತುತ್ತಾಳೆ, ಬಗ್ಗಿದ ಅಷ್ಟೂ ಜನ ಹಿಡಿಯುತ್ತಾರೆ. ನಾನು ಗದ್ದೆಗೆ ಇಳಿಯುವ ಹಾಗಿರಲಿಲ್ಲ, ಮನೆ ನನ್ನದಲ್ಲವೇ. ಚಾವಡಿಯ ಕಿಟಕಿಯ ಬಳಿ ಕೂತು ಬಾಯೊಳಗೇ ಓಗೊಟ್ಟು ನನಗೆ ಅಭ್ಯಾಸವಾಗಿತ್ತು. ಈ ಹೆಂಗಸಿಗೆ ಮಾತ್ರ ಬಾಯಿ ಬಿಟ್ಟು ಓಗೊಡಬಹುದಿತ್ತು. ಮಾವನಿಗೆ ಅದು ಹಿಡಿಸಲಿಲ್ಲ. "ಇದೆಂತ ಬೊಬ್ಬೆ? ತೆಗೆ ಅದನ್ನು," ಎಂದರು. ಅವರು ಬೆಳ್ತಂಗಡಿಗೆ ಹೋದ ಮಧ್ಯಾಹ್ನಗಳಲ್ಲಿ ನಾನು ಕೀ ಕೊಟ್ಟು ಕೊಟ್ಟು ಅದೊಂದನ್ನೇ ಹಾಕುತ್ತಿದ್ದೆ. ಅವಳು ಉಸಿರು ಎಲ್ಲಿ ಎಳೆಯುತ್ತಾಳೆ, ಸ್ವರವನ್ನು ಎಲ್ಲಿ ಒಡೆಯಲು ಬಿಡುತ್ತಾಳೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು.

ಪ್ಲೇಟಿನ ನಡುವಿನ ಕಾಗದವನ್ನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಓದಿದೆ. ದೊಡ್ಡಕ್ಷರದಲ್ಲಿ ಒಬ್ಬ ಗಂಡಸಿನ ಹೆಸರು, ಅವನ ಬ್ಯಾಂಡು. ಅದರ ಕೆಳಗೆ ಇರುವೆಯಷ್ಟು ಸಣ್ಣಕ್ಷರದಲ್ಲಿ, ಹಾಡೂ ಉಂಟು ಎಂಬರ್ಥದ ಎರಡು ಪದ. ಹಾಡಿದವಳ ಹೆಸರು ಎಲ್ಲೂ ಇಲ್ಲ.

"ಇವಳು ಯಾರಮ್ಮ?" ಎಂದು ಅಮ್ಮನನ್ನು ಕೇಳಿದೆ.

"ಯಾರಾದ್ರೆ ನಿನಗೆಂತ? ಕೀ ಕೊಟ್ಟು ಕೊಟ್ಟು ಕೈ ನೋಯುವುದಿಲ್ವಾ?" ಎಂದು ಅಮ್ಮ ಅಕ್ಕಿ ಗೇರುವುದನ್ನು ಮುಂದುವರಿಸಿದಳು.

ಆ ವರ್ಷವೇ ನಾಟಕ ಸಂಘದಲ್ಲಿ ತಾಪತ್ರಯವಾಯಿತು. ಮಾವ ಸಂಘದ ಅಧ್ಯಕ್ಷರು. ಹೆಣ್ಣುವೇಷಕ್ಕೆ ಸಿಕ್ಕಿದ ದರ್ಜಿ ಹುಡುಗನಿಗೆ ರೂಪವಿತ್ತು, ನಡಿಗೆಯಿತ್ತು, ಬಾಯಿ ತೆರೆದರೆ ಮಾತ್ರ ಕಾಗೆಯೇ ವಾಸಿ. ನಾಟಕದ ಮಾಸ್ತರು ನಮ್ಮ ಚಾವಡಿಯಲ್ಲಿ ತಲೆಗೆ ಕೈಹೊತ್ತು ಕೂತಿದ್ದಾಗ ಮಾವನೇ ಉಪಾಯ ಹೇಳಿದರು. ನಾನು ಗ್ರಾಮಫೋನಿನ ಜೊತೆ ಹಾಡುವುದನ್ನು ಅವರು ಅಂಗಳದಲ್ಲಿ ನಿಂತು ಕೇಳಿದ್ದರಂತೆ.

"ನಿನ್ನ ಸ್ವರ ಮಾತ್ರ ನಾಟಕಕ್ಕೆ ಹೋಗ್ಲಿ ಮಗಾ, ನೀನು ಯಾರ ಕಣ್ಣಿಗೂ ಬೀಳುವುದು ಬೇಡ," ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು ಎಂಬುದನ್ನೂ ಹೇಳಬೇಕು. ಮನೆಯಿಂದ ಹೊರಗೆ ಹೋಗಲಿಕ್ಕುಂಟಲ್ಲ, ಪರದೆಯ ಹಿಂದಾದರೇನು, ಎಂದುಕೊಂಡೆ.

ದೂರದವರಿಗೆ ಕೊನೆಯ ಬಸ್ಸು ಸಿಗಲೆಂದು ಸಂಘದ ನಾಟಕ ಮಧ್ಯಾಹ್ನವೇ ಶುರುವಾಗುತ್ತಿತ್ತು. ಬಂಟ್ವಾಳದಲ್ಲಿ ಹಂಚಿನ ಗೋದಾಮು, ಮೂಡಬಿದಿರೆಯಲ್ಲಿ ಶಾಲೆಯ ಹಾಲ್, ಬೆಳ್ತಂಗಡಿಯಲ್ಲಿ ತೆಂಗಿನ ಮಡಲಿನ ಚಪ್ಪರ. ನನ್ನನ್ನು ಮಾತ್ರ ಬೆಳಗ್ಗೆಯೇ ಪರದೆ ಕಟ್ಟಿದ ಬಾಡಿಗೆ ಕಾರಿನಲ್ಲಿ ತಂದು ಹಿಂಬಾಗಿಲಿನಿಂದ ಒಳಗೆ ಬಿಡುತ್ತಿದ್ದರು. ಜನ ಎಲ್ಲ ಚದುರಿದ ಮೇಲೆಯೇ ಹೊರಗೆ. ಕಾಡಿನ ಚಿತ್ರ ಬರೆದ ಪರದೆಗೂ ಗೋಡೆಗೂ ನಡುವೆ ಒಂದು ಮಣೆ ಹಿಡಿಯುವಷ್ಟು ಜಾಗ. ಕೈ ಚಾಚಿದರೆ ಎರಡೂ ಕಡೆ ತಾಗುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲವಾದ್ದರಿಂದ ಬೆಳಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಹಾಡುವವಳಿಗೆ ನೀರಿಲ್ಲ, ಬಾಯಿ ಆಡಿಸುವವನಿಗೆ ಜನ ಕಲ್ಲುಸಕ್ಕರೆ ತಂದು ಕೊಡುತ್ತಿದ್ದರು.

ಪರದೆಗೆ ನಾನೇ ಸೂಜಿಯಲ್ಲಿ ಒಂದು ಸಣ್ಣ ತೂತು ಮಾಡಿಕೊಂಡಿದ್ದೆ. ಅದರಲ್ಲಿ ದರ್ಜಿಯ ಬೆನ್ನು ಕಾಣುತ್ತಿತ್ತು, ಬೆನ್ನು ಮಾತ್ರ. ಅವನು ಎಡಗೈಯನ್ನು ಜಡೆಗೆ ತಂದರೆ ನಾನು ಎತ್ತಬೇಕು. ನಾನು ಉಸಿರು ಎಳೆಯುವಲ್ಲಿ ಅವನು ಭುಜ ಏರಿಸುತ್ತಿದ್ದ, ಅಷ್ಟು ಚೆನ್ನಾಗಿ ನಮಗೆ ಹೊಂದಿಕೆಯಾಗಿತ್ತು. ರವಕೆಯ ಪಿನ್ನುಗಳು, ಕುತ್ತಿಗೆಯಲ್ಲಿ ಇಳಿಯುವ ಬೆವರು ಎಲ್ಲ ನನಗೆ ಗೊತ್ತು. ಅವನ ಮುಖದಲ್ಲಿ ನನ್ನ ಹಾಡು ಹೇಗೆ ಕಾಣುತ್ತಿತ್ತೋ ಗೊತ್ತಿರಲಿಲ್ಲ. ಚಪ್ಪಾಳೆ ಬಿದ್ದಾಗ ಪರದೆ ಅದುರಿ ಮೇಲಿನ ಧೂಳು ನನ್ನ ತಲೆಗೆ ಬೀಳುತ್ತಿತ್ತು.

ಮನೆಗೆ ಬಂದ ನೆಂಟರ ಹೆಂಗಸರಿಗೆ ಅದೇ ಮಾತು. "ಗಂಡಸಾಗಿ ಹಾಗೆ ಹಾಡುವುದೆಂದ್ರೆ! ಹೆಂಗಸರೇ ಸೋಲ್ಬೇಕು," ಎಂದು ಒಬ್ಬ ದೊಡ್ಡಮ್ಮ ನಾನು ಕೊಟ್ಟ ಕಾಫಿ ಕುಡಿಯುತ್ತ ಹೊಗಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಸ್ವಲ್ಪ ಹಾಡು ಕಲಿ ಮಾರಾಯ್ತಿ. ಮನೆಯಲ್ಲಿ ಸುಮ್ಮನೆ ಕೂತು ಎಂತ ಮಾಡ್ತಿ?" ಎಂದಳು. ಮಾವ ವೀಳ್ಯದೆಲೆಯ ನಾರು ತೆಗೆಯುತ್ತ ತಲೆ ಎತ್ತಲಿಲ್ಲ. ನನಗೆ ಲೋಟ ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಇನ್ನೂ ಸ್ವಲ್ಪ ಕಾಫಿ ಬೇಕಾ ಎಂದು ಕೇಳಿದೆ.

ಹೀಗೆ ಕೆಲವು ವರ್ಷ ಹೋಯಿತು. ಮತ್ತೊಂದು ಬೇಸಗೆಯಲ್ಲಿ ಭಾವ ಊರಿಗೆ ಬಂದಾಗ ಕೂದಲಿಗೆ ಎಣ್ಣೆ ಬಳಿದು ಹಣೆಯ ಮೇಲೆ ಗುಂಗುರು ಬಿಟ್ಟಿದ್ದ. ಹೊಸ ಪ್ಲೇಟು ತಂದಿದ್ದ. ಜೊತೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ, ಗಿಟಾರು ಹಿಡಿದು ಸೊಂಟ ತಿರುಗಿಸಿ ನಿಂತ ಬಿಳಿಯ ಹುಡುಗನದ್ದು.

"ಇದಕ್ಕೆ ರಾಕ್ ಎಂಡ್ ರೋಲ್ ಅಂತ ಹೇಳ್ತಾರೆ. ಪ್ರಪಂಚದಲ್ಲಿ ಇಷ್ಟರವರೆಗೆ ಇಲ್ಲದ ಸಂಗೀತ. ಇಂಥ ಹುಡುಗರೇ ಹುಟ್ಟಿಸಿದ್ದು," ಎಂದು ಹೇಳಿ ಭಾವ ಚಾವಡಿಯ ನಡುವೆಯೇ ಕುಣಿದು ತೋರಿಸಿದ.

ಮೊದಲ ಸಾಲಿಗೇ ನನಗೆ ಗುರುತಾಯಿತು. ಅದು ಅವಳ ಹಾಡು. ಅದೇ ಕರೆ, ಅದೇ ಒಡೆಯುವ ಸ್ವರ, ಹಿಂದಿನಿಂದ ಅದೇ ಓಗೊಡುವಿಕೆ. ಒಳಗಿನಿಂದ ಹಳೆಯ ಪ್ಲೇಟು ತಂದು ಹಾಕಿದೆ. ಭಾವ ತಲೆ ಕೆರೆದುಕೊಂಡ.

"ಹೌದಲ್ಲ, ಅದೇ! ಪಾಪ, ಆ ಹೆಂಗಸು ಇವನನ್ನು ಕೇಳಿ ಕಲ್ತಿರ್ಬೇಕು."

"ಅದು ಹೇಗೆ ಭಾವ? ಇವಳು ನಮ್ಮ ಮನೆಗೆ ಬಂದು ಎಷ್ಟು ವರ್ಷ ಆಯ್ತು? ಇವನು ಬಂದದ್ದು ನಿನ್ನೆ."

"ನೀನೊಂದು ಮಾರಾಯ್ತಿ! ಮೊದಲು ಯಾರು ಹಾಡಿದ್ರೆ ಎಂತ? ಜನ ಕೇಳುವುದು ಇವನನ್ನು."

ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಗಂಡು ಸ್ವರದಲ್ಲಿ ಇದಕ್ಕೊಂದು ಗತ್ತು ಉಂಟು," ಎಂದರು. ಬೊಬ್ಬೆ ಎಂದಿದ್ದವರು ಅವರೇ. ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ಅವಳಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ.

ಮಳೆಗಾಲಕ್ಕೆ ಮೊದಲು ಬಂಟ್ವಾಳದ ಗೋದಾಮಿನಲ್ಲಿ ನಾಟಕ. ಸುಳ್ಳು ಅಪವಾದ ಹೊತ್ತ ಹೆಂಡತಿ ಕೊನೆಗೆ ವಿಷ ಕುಡಿಯುತ್ತಾಳೆ. ಹಾಡುತ್ತ ಹಾಡುತ್ತ ಸಾಲಿನ ಅರ್ಧದಲ್ಲಿ ನಾನು ನಿಲ್ಲಿಸಬೇಕು, ದರ್ಜಿ ಕುಸಿಯಬೇಕು. ಅವನು ಕುಸಿದ. ನಾನು ನಿಲ್ಲಿಸಲಿಲ್ಲ.

ಸತ್ತ ಹೆಂಡತಿ ನೆಲದಲ್ಲಿ ಬಿದ್ದಿದ್ದಾಳೆ, ಹಾಡು ಮಾತ್ರ ನಡೆಯುತ್ತಿದೆ. ಹಾರ್ಮೋನಿಯಂ ಒಮ್ಮೆ ತಡವರಿಸಿ ನಿಂತಿತು, ಮತ್ತೆ ಹಿಂದಿನಿಂದ ಓಡಿ ಬಂದು ಸೇರಿಕೊಂಡಿತು. ನಾನು ಆ ಪ್ಲೇಟಿನವಳ ಹಾಗೆ ಹೊಟ್ಟೆಯ ಬುಡದಿಂದ ಎತ್ತಿದೆ, ಸ್ವರ ಒಡೆಯುವಲ್ಲಿ ಒಡೆಯಲು ಬಿಟ್ಟೆ. ನನಗೆ ಬೇಕಾಗಿದ್ದದ್ದು ಒಂದೇ. ಆ ಗೋದಾಮಿನಲ್ಲಿ ಒಬ್ಬನಾದರೂ ಎದ್ದು ನಿಂತು, ಅವನು ಸತ್ತಿದ್ದಾನಲ್ಲ, ಹಾಡುವುದು ಯಾರು ಎಂದು ಕೇಳಬೇಕು. ದರ್ಜಿ ಉಸಿರು ಬಿಗಿಹಿಡಿದು ಬಿದ್ದಿದ್ದ. ಪಾಪ, ಅವನು ಮಿಸುಕಾಡಲೂ ಇಲ್ಲ. ಪದ ಮುಗಿಸಿ ನಾನು ಪರದೆಯನ್ನೇ ನೋಡುತ್ತ ಕೂತೆ.

ಚಪ್ಪಾಳೆಗೆ ಹಂಚುಗಳೆಲ್ಲ ಗಲಗಲ ಎಂದವು. ಜನ ಮಾಸ್ತರನ್ನು ಕೂಗಿ ಕರೆದರು. "ಆತ್ಮ ಹಾಡುವುದು! ಎಂಥ ಕಲ್ಪನೆ ಮಾಸ್ಟ್ರೇ!" ಎಂದು ಯಾರೋ ಕೂಗಿದರು. ಹಲ್ಲು ಕಡಿದುಕೊಂಡು ನನ್ನ ಕಡೆ ಬರುತ್ತಿದ್ದ ಮಾಸ್ತರು ಅಲ್ಲಿಂದಲೇ ಹಿಂದೆ ತಿರುಗಿ ಕೈಮುಗಿದರು, ಹಾರ ಹಾಕಿಸಿಕೊಂಡರು. ತುಂಬಾ ಸಮಯದಿಂದ ತಲೆಯಲ್ಲಿ ಇದ್ದದ್ದು ಎಂದು ಅವರು ಹೇಳುವುದು ನನಗೆ ಕೇಳಿತು. ಆ ವಾರ ರವಕೆಗಳ ನಡುವೆ ಎಂದಿಗಿಂತ ದೊಡ್ಡ ಪೊಟ್ಟಣ ಬಂತು.

ಅಂದು ನಾಟಕದಿಂದ ಮರಳುವಾಗ, ಕಾರು ಪುಂಜಾಲಕಟ್ಟೆ ದಾಟಿದ ಮೇಲೆ ಮಾವ ನನ್ನ ಕಡೆ ತಿರುಗಿದರು.

"ಆತ್ಮ ಅಲ್ಲ, ನೀನು ಅಂತ ನನಗೆ ಗೊತ್ತಾಯ್ತು," ಎಂದರು. ಅವರ ಸ್ವರ ದಪ್ಪವಾಗಿತ್ತು, ಅತ್ತಿದ್ದರೆಂದು ತೋರುತ್ತದೆ.

"ಗೊತ್ತಾಗ್ಲಿ ಅಂತಲೇ ಹಾಡಿದ್ದು ಮಾವ."

"ನನಗೆ ಗೊತ್ತಾದ್ರೆ ಸಾಕಲ್ವಾ ಮಗಾ?"

"ಸಾಲದು," ಎಂದೆ. ಅವರೆದುರು ಅಂಥ ಮಾತು ಅದೇ ಮೊದಲು.

ಮಾವ ಕಾರಿನ ಪರದೆಯನ್ನು ಸರಿಪಡಿಸಿದರು. "ಹಾಗಾದ್ರೆ ಇನ್ನು ಬೇಡ. ನಾಳೆ ಮನೆ ನಡೆಸ್ಬೇಕಾದವಳು ನೀನು," ಎಂದರು. ಗ್ರಾಮಫೋನು ಭಾವನ ಜೊತೆ ಬೊಂಬಾಯಿಗೆ ಹೋಯಿತು. ಪ್ಲೇಟುಗಳೂ ಹೋದವು. ದರ್ಜಿ ರವಕೆ ಕಳಿಸುತ್ತಿದ್ದ, ಬರೀ ರವಕೆ.

ಮರುವರ್ಷ ಮಾವ ಅಮ್ಮನನ್ನೂ ನನ್ನನ್ನೂ ಅದೇ ಗೋದಾಮಿಗೆ ನಾಟಕ ನೋಡಲು ಕರೆದುಕೊಂಡು ಹೋದರು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ನಮಗೆ ಕುರ್ಚಿ. ನನಗೆ ಅದೊಂದು ಸಮಾಧಾನದ ಕಾಣಿಕೆಯೆಂದು ಅವರು ತಿಳಿದಿದ್ದರು. ಆ ಕಾಡಿನ ಪರದೆಯ ಮುಂಭಾಗವನ್ನು ಅಂದೇ ನಾನು ನೋಡಿದ್ದು. ಅದರಲ್ಲಿ ಒಂದು ಕೊಳವಿತ್ತು, ಎರಡು ಜಿಂಕೆಗಳಿದ್ದವು. ನನ್ನ ತೂತು ಒಂದು ಜಿಂಕೆಯ ಹೊಟ್ಟೆಯಲ್ಲಿತ್ತು. ವೇಷದಲ್ಲಿದ್ದ ದರ್ಜಿಯ ಮುಖವನ್ನೂ ಅಂದೇ ನೋಡಿದೆ. ಅವನು ನಿಜಕ್ಕೂ ಒಳ್ಳೆಯ ನಟ.

ನಾಟಕ ಬೇರೆ, ಆದರೆ ಜನ ಕಾದಿದ್ದದ್ದು ಆತ್ಮದ ಹಾಡಿಗೆ. ಮಾಸ್ತರು ಅದನ್ನು ಈಗ ಕಥೆಯೊಳಗೇ ಹೊಲಿದು ಸೇರಿಸಿದ್ದರು. ದರ್ಜಿ ಸತ್ತು ಬಿದ್ದ. ಪರದೆಯ ಹಿಂದಿನಿಂದ ಹುಡುಗಿಯೊಬ್ಬಳ ಸ್ವರ ಎದ್ದಿತು. ಎಳೆಯ ಸ್ವರ, ಸ್ವಲ್ಪ ಹೆದರಿದ್ದು, ಗಂಟಲು ಒಣಗಿದ್ದು. ಬೆಳಗ್ಗೆಯಿಂದ ನೀರು ಕುಡಿದಿಲ್ಲವೆಂದು ನನಗೆ ಕೂಡಲೇ ಗೊತ್ತಾಯಿತು. ಗೋದಾಮಿನ ಅಷ್ಟೂ ಜನ ಬಿದ್ದವನನ್ನು ನೋಡುತ್ತಿದ್ದರು. ನಾನು ಜಿಂಕೆಯ ಹೊಟ್ಟೆಯನ್ನು ನೋಡುತ್ತಿದ್ದೆ.

ಪಕ್ಕದಲ್ಲಿ ಅಮ್ಮ ನನ್ನ ಕಡೆ ಬಾಗಿದಳು. "ಯಾರ ಮನೆಯ ಹೆಣ್ಣೋ ಅದು?" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

ಇಷ್ಟು ವರ್ಷ ಯಾರ ಬಾಯಿಂದಾದರೂ ಬರಲೆಂದು ನಾನು ಕಾದಿದ್ದ ಪ್ರಶ್ನೆ ಅದು. ಬಂದದ್ದು ಅಮ್ಮನ ಬಾಯಿಂದ, ಇನ್ನೊಬ್ಬಳಿಗಾಗಿ. ನನಗೆ ಅಳು ಬಂತು. ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಲ್ಲುಸಕ್ಕರೆ ನನ್ನ ಕೈಗೆ ತುಂಬಿದಳು. ಹಳೆಯ ಪೊಟ್ಟಣದ್ದು, ಅವಳು ತೆಗೆದಿಟ್ಟದ್ದು. "ಆ ಮಗುವಿಗೆ ಕೊಟ್ಟು ಬಾ," ಎಂದಳು.

ನಾನು ಎದ್ದೆ. ಗಂಡಸರ ಕಡೆಯಿಂದ ಮಾವನೂ ಎದ್ದು ನಿಂತರು. ನನ್ನನ್ನೇ ನೋಡಿದರು. ಅವರ ಜೊತೆ ಮುಂದಿನ ಸಾಲಿನ ನಾಲ್ಕು ಜನ ತಿರುಗಿ ನೋಡಿದರು. ನಾನು ಕೂತುಕೊಂಡೆ.

ನಾಟಕ ಮುಗಿಯುವ ಮೊದಲೇ ಕಾರು ಬಂದಿತ್ತು. ಮನೆ ಮುಟ್ಟುವಾಗ ಕಲ್ಲುಸಕ್ಕರೆ ಬೆವರಿಗೆ ಕರಗಿ ಬೆರಳುಗಳೆಲ್ಲ ಅಂಟಿಕೊಂಡಿದ್ದವು. ಬಾವಿಕಟ್ಟೆಯಲ್ಲಿ ಕೈ ತೊಳೆದೆ. ಆ ಹುಡುಗಿ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.