ಲಗ್ನ ಮುಗೀಲಿ, ಆಮ್ಯಾಲ ಬರ್ತೀನ್ರಿ

ಸೇಡಂನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ನಾನು ಜನರ ಮಾತು ಕೇಳುತ್ತೇನೆ. ಅದೇ ನನ್ನ ಕಸುಬು. ಓದಿದ್ದು ಮನಃಶಾಸ್ತ್ರ, ಬೋರ್ಡಿನ ಮೇಲೆ ಬರೆಸಿದ್ದು ‘ಆಪ್ತ ಸಮಾಲೋಚನೆ’, ಆದರೆ ಊರವರ ಬಾಯಲ್ಲಿ ನಾನು ‘ಮಾತಾಡ್ಸೋ ಅಕ್ಕೋರು’. ಗುಳಿಗಿ ಇಲ್ಲ, ಸೂಜಿ ಇಲ್ಲ, ಬರೇ ಮಾತಾಡ್ಸಿ ಫೀಸು ತಗೋತಾಳಂತ ಎಂದು ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು.

ಬಂದವರು ವರ್ಷವಿಡೀ ಬರುವುದಿಲ್ಲ, ಅದೇ ಫಜೀತಿ. ತೊಗರಿ ರಾಶಿ ಹೊತ್ತಿಗೆ ಎಲ್ಲರೂ ಹೊಲದಲ್ಲಿ. ಆಗ ದುಃಖಪಡಲಿಕ್ಕೂ ಯಾರಿಗೂ ಪುರುಸೊತ್ತಿಲ್ಲ. ಶ್ರಾವಣದಲ್ಲಿ ಉಪವಾಸ, ಪುರಾಣ, ಮಠ. ಇವೆರಡನ್ನೂ ಹೇಗೋ ದಾಟಬಹುದು. ಬೇಸಿಗೆ ಮಾತ್ರ ಹೈರಾಣ ಮಾಡುತ್ತದೆ. ಬೇಸಿಗೆ ಅಂದರೆ ನಮ್ಮ ಕಡೆ ಲಗ್ನದ ಕಾಲ. ಲಗ್ನದ ಮನೆಯಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗುವಂತಿಲ್ಲ, ಅಳುವಂತಿಲ್ಲ. ಕಣ್ಣು ಕೆಂಪಗಾದರೆ ಹೊಗೆ ಅನ್ನಬೇಕು. ಬರುತ್ತಿದ್ದವರೆಲ್ಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಂದೇ ಮಾತು ಹೇಳಿ ಹೋಗುತ್ತಾರೆ: “ಲಗ್ನ ಮುಗೀಲಿ, ಆಮ್ಯಾಲ ಬರ್ತೀನ್ರಿ.”

ಅವರು ಹೋದರೂ ನಾನು ಹೋಗುವಂತಿಲ್ಲ. ಎರಡು ದಿನ ಬಾಗಿಲು ಹಾಕಿದರೆ ಸಾಕು, ಅಕ್ಕೋರು ಖೋಲಿ ಬಿಟ್ಟರಂತ ಎಂದು ಬಸ್‌ಸ್ಟ್ಯಾಂಡಿನ ತನಕ ಸುದ್ದಿ. ಹಾಗಾಗಿ ಮುಂಜಾನೆ ಹೋಗಿ ಕೂಡುವುದು. ಊರಿನ ಎಲ್ಲ ಅಂಗಡಿಗಳ ಹಾಗೆ ನಡು ಮಧ್ಯಾಹ್ನ ಕೀಲಿ ಹಾಕಿ ಮನೆಗೆ ಬಂದು ರೊಟ್ಟಿ ತಿಂದು ಮಲಗುವುದು, ಬಿಸಿಲು ಇಳಿದ ಮೇಲೆ ಮತ್ತೆ ಹೋಗಿ ಕೂಡುವುದು. ಎದುರಿಗೆ ಖಾಲಿ ಖುರ್ಚಿ, ತಲೆ ಮೇಲೆ ಕಾದ ಛತ್ತು, ಕಿಟಕಿ ಕಟ್ಟೆಯ ಮೇಲೆ ಊರ ಮಗ್ಗುಲಿನ ಸಿಮೆಂಟ್ ಫ್ಯಾಕ್ಟರಿಯ ಬೂದಿ. ಒರೆಸಿದಷ್ಟೂ ಬರುತ್ತದೆ. ಒರೆಸುವುದೂ ಒಂದು ಕೆಲಸ ಅಂತ ಒರೆಸುತ್ತಿದ್ದೆ.

“ಖಾಲಿ ಖೋಲಿ ಕಾಯಲಿಕ್ಕ ನೀ ಏನ್ ಗುಡಿ ಮುಂದಿನ ಬಸವಣ್ಣ ಏನವ್ವ?” ಅನ್ನುತ್ತಿದ್ದರು ನಮ್ಮ ಅತ್ತೆ. ಅವರ ಮಾತಿನಲ್ಲಿ ಖಾರ ಇದ್ದರೂ ವಿಷ ಇಲ್ಲ. ಮಾತಾಡುವುದನ್ನು ನಾನು ಅರ್ಧ ಕಲಿತಿದ್ದು ನನ್ನ ಅಜ್ಜಿಯಿಂದ, ಇನ್ನರ್ಧ ಇವರಿಂದ.

ಆ ಬೇಸಿಗೆ ಅವರ ಕೈಗೊಂದು ಗಟ್ಟಿ ಕಾರಣವೂ ಸಿಕ್ಕಿತ್ತು. ನನ್ನ ನೆಗೆಣ್ಣಿ, ಅಂದರೆ ಓರಗಿತ್ತಿ, ಕಲಿಸುವ ಸಾಲಿಯಲ್ಲಿ ಒಂದು ನೌಕರಿ ಖಾಲಿ ಇತ್ತು. ಹೆಡ್‌ಮಾಸ್ತರು ನನ್ನನ್ನೇ ಕೇಳಿದ್ದರು. ಸಾಲಿ ಸುರು ಆಗುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದರೆ ಖೋಲಿ ಬಿಡಬೇಕು. ಮನೆಯಲ್ಲಿ ಎಲ್ಲರೂ ನನ್ನ ಬಾಯಿಂದ ಹೂಂ ಬರುವುದನ್ನೇ ಕಾಯುತ್ತಿದ್ದರು. ನನಗೂ ಹೂಂ ಅನ್ನಲಿಕ್ಕೆ ಏನೂ ಅಡ್ಡಿ ಇರಲಿಲ್ಲ, ಒಬ್ಬಾಕೆಯನ್ನು ಬಿಟ್ಟರೆ.

ಆಕೆಯನ್ನು ದಂಡೋತಿಗೆ ಕೊಟ್ಟವಳು ಅಂತ ಇಟ್ಟುಕೊಳ್ಳಿ. ಆಕೆ ಕೇಳಿದಂತೆ ಊರು ಬದಲಿಸಿದ್ದೇನೆ, ಹೆಸರಂತೂ ಇಲ್ಲವೇ ಇಲ್ಲ. ಹುಟ್ಟುವಾಗಲೇ ಆಕೆಯ ಕೂಸು ಹೋಗಿತ್ತು. ಅತ್ತೆ ಮನೆಯಲ್ಲಿ ಆ ಮಾತು ಯಾರೂ ಎತ್ತಬಾರದು, ಎತ್ತಿದರೆ ಮುಂದಿನದಕ್ಕೆ ಕೆಟ್ಟದ್ದು ಅಂತ ಕಟ್ಟು. ಹಲ್ಲು ತೋರಿಸಲಿಕ್ಕೆ ಅಂತ ಹೇಳಿ ಆಕೆ ತನ್ನ ತವರೂರು ಸೇಡಂಗೆ ಬರುತ್ತಿದ್ದಳು. ಎಷ್ಟೋ ಸಲ ಸುಮ್ಮನೆ ಕೂತು ಹೋಗಿದ್ದಳು. ಬೇಸಿಗೆ ಹಿಡಿಯುವ ಹೊತ್ತಿಗೆ ಹೇಳಲಿಕ್ಕೆ ಸುರು ಮಾಡಿದಳು. ದವಾಖಾನೆಗೆ ಹೋದದ್ದು ಹೇಳಿದಳು, ನೋವು ಬಂದದ್ದು ಹೇಳಿದಳು. ಕೂಸಿನ ಮುಖ ನೋಡಿದೆನೋ ಇಲ್ಲವೋ ಅನ್ನುವಲ್ಲಿಗೆ ಬಂದು ನಿಂತಳು. ಆಗಲೇ ಮೈದುನನ ಲಗ್ನ ನಿಶ್ಚಯವಾಗಿತ್ತು. “ಮುಗೀಲಿ, ಬರ್ತೀನ್ರಿ” ಅಂದಳು. ಆ ಮಾತು ಆಕೆಯ ಗಂಟಲಲ್ಲಿ ಅರ್ಧಕ್ಕೆ ನಿಂತಿದೆ. ನಾನು ಖೋಲಿ ಬಿಟ್ಟರೆ ಆಕೆ ಉಳಿದರ್ಧವನ್ನು ಎಲ್ಲಿಗೆ ಒಯ್ಯಬೇಕು?

ಜನ ಬಾರದಿದ್ದರೆ ಜನ ಇದ್ದಲ್ಲಿಗೆ ಹೋಗಬೇಕು ಅನ್ನುವುದು ಅತ್ತೆಯದೇ ಐಡಿಯಾ. “ಬಳಿಗಾರ ಸಂತ್ಯಾಗ ಕುಂದ್ರತಾನ, ಹಲ್ಲು ಕೀಳಾವ ಸಂತ್ಯಾಗ ಕುಂದ್ರತಾನ. ನಿಂದೇನು ದೊಡ್ಡಸ್ತಿಕಿ? ಈ ಒಂದ್ ತಿಂಗಳ ನೋಡು. ಆಗ್ಲಿಲ್ಲಂದ್ರ ಸಾಲಿಗೆ ಹೋಗು.” ನನಗೂ ಖರೇ ಅನ್ನಿಸಿತು. ಸಂತೆಯಿಂದಲೇ ಎಲ್ಲವನ್ನೂ ತಂದು ಬೆಳೆದವರು ನಾವು.

ಒಂದು ಸಣ್ಣ ಬೋರ್ಡು ಬರೆಸಿ, ಸಂತೆಯ ದಿನವಷ್ಟೇ ಖೋಲಿ ಮುಚ್ಚಿ ಊರೂರು ತಿರುಗಿದೆ. ಪರಿಚಯದವರ ಅಂಗಡಿ ಮಗ್ಗುಲಿಗೆ ಒಂದು ಪರದೆ ಕಟ್ಟಿ ಕೂಡುವುದು. ಚಿಂಚೋಳಿಯಲ್ಲಿ ಒಬ್ಬ ಮುದುಕಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಯ್ಯುತ್ತಲೇ ಮೊಣಕಾಲು ಮುಂದೆ ಚಾಚಿದಳು. ರೈಲು ಜಂಕ್ಷನ್ ಇರುವ ವಾಡಿಯಲ್ಲಿ ಟ್ರೇನು ಎಷ್ಟಕ್ಕೆ ಅಂತ ಕೇಳಿದವರೇ ಹೆಚ್ಚು. ಶಹಾಬಾದಿನಲ್ಲಿ ಒಬ್ಬರು ಅಂಗಿ ತೋಳು ಮಡಚಿ ಕೂತೇಬಿಟ್ಟರು.

“ಬಿ.ಪಿ. ನೋಡ್ರಿ ಅಕ್ಕೋರೆ.”

“ನಾ ಬಿ.ಪಿ. ನೋಡಂಗಿಲ್ರಿ ಕಾಕಾ. ಮನಸ್ಸಿನ ತ್ರಾಸ ಇದ್ರ ಹೇಳ್ರಿ, ಕೇಳ್ತೀನಿ.”

ಕಾಕಾ ಸುತ್ತ ನೋಡಿದರು. ಒಂದು ಕಡೆ ಉಳ್ಳಾಗಡ್ಡಿ ತೂಗುವವರು, ಇನ್ನೊಂದು ಕಡೆ ಅವರದೇ ಬೀಗರು. “ಇಲ್ಲೇನ್ರಿ? ಇಲ್ಲಿ ಹೇಳೂದಕ್ಕಿಂತ ಡಂಗುರಾ ಹೊಡಸೂದು ಚಲೋ!” ಅಂತ ತೋಳು ಇಳಿಸಿ ಎದ್ದು ಹೋದರು.

ಚಿತ್ತಾಪುರದ ಸಂತೆ ಕೊನೆಯದು. ಅಲ್ಲಿ ದಂಡೋತಿಯ ಆಕೆಯನ್ನು ನೋಡಿದೆ. ತನ್ನ ಅತ್ತೆಯ ಸಂಗಡ ಲಗ್ನದ ಬಳೆ ಇಡಿಸಿಕೊಳ್ಳಲು ಬಂದಿದ್ದಳು. ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಎಳೆದುಕೊಂಡು ಮಂದಿಯೊಳಗೆ ಸೇರಿಹೋದಳು. ಕರೆಯುವಂತಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವವರು ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯುತ್ತಾರೆ. ನನ್ನ ಹತ್ತಿರ ಬರುವವರು ಹಾಗೆ ಬಾಯಿ ತೆರೆಯುವುದಿಲ್ಲ ಅನ್ನುವುದು ಓದಿದ ನನಗೂ, ಓದದ ನನ್ನ ಅತ್ತೆಗೂ ಹೊಳೆದಿರಲಿಲ್ಲ.

ವಾಪಸಿನ ಬಸ್ಸು ಸೇಡಂ ಮುಟ್ಟಿದಾಗ ನಡು ಮಧ್ಯಾಹ್ನ. ಹೆಡ್‌ಮಾಸ್ತರಿಗೆ ಹೂಂ ಅನ್ನುವುದು ಅಂತ ದಾರಿಯಲ್ಲೇ ನಿಶ್ಚಯ ಮಾಡಿದ್ದೆ. ರಸ್ತೆಯಲ್ಲಿ ಒಂದು ನಾಯಿ ಕೂಡ ಇಲ್ಲ. ಮನೆ ತನಕ ನಡೆಯುವ ಶಕ್ತಿ ಉಳಿದಿರಲಿಲ್ಲ. ಖೋಲಿ ಹತ್ತಿ, ಕೊಡದ ನೀರು ನೆಲದ ಫರಸಿಯ ಮೇಲೆ ಸುರುವಿ, ಗೋಡೆಗೆ ಒರಗಿ ಕೂತೆ.

ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ. ದಂಡೋತಿಯ ಆಕೆಯೇ ಇರಬೇಕು, ಸಂತೆಯಿಂದ ನೇರ ತವರಿಗೆ ಬಂದಿದ್ದಾಳೆ ಅನ್ನಿಸಿತು. ಆದರೂ ಆಕೆ ಇಷ್ಟು ಬೇಗ ಬರುವುದು ಹೇಗೆ ಅಂತ ಗಾಬರಿಯಾಗಿ ನೋಡಿದರೆ, ಬಂದವಳು ಆಕೆಯಲ್ಲ. ನಾವು ಬಾಯಿ ಅಂತ ಕರೆಯುವ ಸಾಲಿ ಟೀಚರೊಬ್ಬರು, ತೊಗರಿ ರಾಶಿಗೆ ಮುಂಚೆ ಬರುತ್ತಿದ್ದವರು. ಬಿಸಿಲಿಗೆ ಮುಖ ಕೆಂಡವಾಗಿತ್ತು.

“ಅಂತೂ ಇವತ್ತರ ಸಿಕ್ರಿ! ಈ ಹೊತ್ತಿಗಿ ಬಂದಾಗೊಮ್ಮೆ ಕೀಲಿ.”

“ಮುಂಜಾನಿ ಇರ್ತೀನಲ್ರಿ ಬಾಯಿ, ಸಂಜಿಗೂ ಇರ್ತೀನಿ.”

“ಮುಂಜಾನಿ ಈ ರಸ್ತಾದಾಗ ಯಾರಿರಂಗಿಲ್ಲ ಹೇಳ್ರಿ? ನಮ್ಮ ಭಾವ ಇರ್ತಾರ, ಭಾವನ ದೋಸ್ತರಿರ್ತಾರ. ಊರು ಮಲಗಿದಾಗ ನೀವೂ ಮಲಗಿದ್ರ ನಾವು ಯಾವಾಗ ಬರಬೇಕ್ರಿ?”

ಎದ್ದು ಖುರ್ಚಿ ಅವರ ಕಡೆ ಸರಿಸಿದೆ. ಕುಂದ್ರಿ ಅಂದೆ. ಅವರು ಕಿಟಕಿ ಮುಚ್ಚಿ ಕೂತರು.

ಸಂಜೆ ಅತ್ತೆಗೆ ಹೇಳಿದೆ: ಸಾಲಿಗೆ ಹೋಗೋದಿಲ್ಲ, ಮಧ್ಯಾಹ್ನ ಖೋಲಿಯಲ್ಲೇ ಇರುತ್ತೇನೆ. ಅತ್ತೆ ನನ್ನ ಮುಖವನ್ನೇ ನೋಡಿದರು. “ಆ ಒಲ್ಯಾಗೇನ? ಬೆಂದು ಬರ್ತಿ ನೋಡು,” ಅಂದರು. ಆಮೇಲೆ ತಾವೇ ಬುತ್ತಿ ಕಟ್ಟುವ ಅರಿವೆ ಹುಡುಕಲು ಒಳಗೆ ಹೋದರು. ದಂಡೋತಿಯ ಆಕೆಗೆ ಒಂದೇ ಒಂದು ಮಾತು ಫೋನಿನಲ್ಲಿ ಹೇಳಿದೆ, ಯಾರು ಕೇಳಿದರೂ ಸಂಶಯ ಬಾರದ ಹಾಗೆ: “ಹಲ್ಲಿನ ದವಾಖಾನಿ ಈಗ ಮಧ್ಯಾಹ್ನ ತೆರೀತದ್ರಿ.”

ಮೈದುನನ ಲಗ್ನ ಮುಗಿಸಿ ತವರಿಗೆ ಬಂದಾಗ, ಮಧ್ಯಾಹ್ನ ಮನೆಯವರೆಲ್ಲ ಉಂಡು ಮಲಗಿದ ಮೇಲೆ ಆಕೆ ಬಂದಳು. ಕರೆಂಟು ಹೋಗಿತ್ತು. ಕಿಟಕಿ ತೆರೆದರೆ ಕೆಳಗೆ ದನಿ ಕೇಳುತ್ತದೆ, ಮುಚ್ಚಿದರೆ ಇಬ್ಬರಿಗೂ ಉಸಿರಿಲ್ಲ. ಮುಚ್ಚಿದೆವು. ಬೆವರು ನನ್ನ ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಎದ್ದು ಓಡಬೇಕು ಅನ್ನಿಸುತ್ತಿತ್ತು. ಆಕೆ ಫರಸಿ ನೋಡುತ್ತ ಹೇಳಿದಳು:

“ನೋಡೀನ್ರಿ ಅಕ್ಕೋರೆ. ಮುಖ ನೋಡೀನಿ. ಭಾಳ ಕೂದಲಿತ್ತು.”